ಹದಿನೆಂಟು ತಲೆ

ಎಣಿಕೆ ತಪ್ಪಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಎಣಿಕೆ ಸರಿಯಾಗಿತ್ತು, ಅದೇ ನನ್ನ ಹೊಟ್ಟೆಯುರಿ.

ನಾನು ವ್ಯಾನ್ ಡ್ರೈವರು. ನಮ್ಮದು ದೇವಸ್ಥಾನಗಳ ಊರು, ಕತ್ತೆತ್ತಿದರೆ ಗೋಪುರ. ಬೆಳಿಗ್ಗೆ ಏಳಕ್ಕೆ ಹದಿನೆಂಟು ಜನರನ್ನು ಹತ್ತಿಸಿಕೊಂಡು, ಐದು ದೇವಸ್ಥಾನ, ಒಂದು ಅರಮನೆ, ಒಂದು ಕೆರೆ ತೋರಿಸಿ, ಸಂಜೆ ಆರಕ್ಕೆ ಬಂದವರನ್ನು ಬಂದ ಹಾಗೇ ಹೋಟೆಲಿಗೆ ಮುಟ್ಟಿಸಬೇಕು. ರಸ್ತೆ ನನ್ನ ಪಾಲು, ಮಾತು ಮೈಕುವಿನ ಪಾಲು. ಮೈಕು ಅಂದರೆ ನಮ್ಮ ಗೈಡು. ಅವನ ನಿಜವಾದ ಹೆಸರು ಟ್ರಾವೆಲ್ಸ್ ಆಫೀಸಿನ ರಿಜಿಸ್ಟರಿನಲ್ಲಿ ಮಾತ್ರ ಇದೆ.

ಅವನು ಈ ಊರಿಗೆ ಬಂದಿದ್ದು ಬಸ್ಸು ತೊಳೆಯುವ ಕೆಲಸಕ್ಕೆ. ಬಕೆಟ್ಟು ಕೆಳಗಿಟ್ಟು ಗೈಡುಗಳ ಹಿಂದೆ ನಿಂತು, ಅವರು ಹೇಳಿದ್ದನ್ನೆಲ್ಲ ಕೇಳಿ ಕೇಳಿ ಕಲಿತ. ಈಗ ಆ ಗೈಡುಗಳೇ ಇವನ ಹತ್ತಿರ ತಮಾಷೆ ಕದಿಯುತ್ತಾರೆ. ಟೀ ಕುಡಿಯುವಾಗಲೂ ಟೀ ಅಂಗಡಿಯ ಚರಿತ್ರೆ ಹೇಳುವ ಆಸಾಮಿ! ‘ಲೋ, ಗಂಟಲಿಗೆ ಒಂಚೂರು ರಜಾ ಕೊಡೋ’ ಅಂತ ನಾನು ದಿನಕ್ಕೆರಡು ಸಲ ರೇಗುತ್ತೇನೆ. ಹಲ್ಲು ಕಿರಿಯುತ್ತಾನೆ. ಇಷ್ಟೆಲ್ಲ ಮಾತಾಡುವವನು ಮನೆಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಬಾಡಿಗೆ ಕೋಣೆ, ಒಂಟಿ ಮಂಚ, ಒಂದು ಇಸ್ತ್ರಿ ಪೆಟ್ಟಿಗೆ. ಹನ್ನೊಂದು ವರ್ಷ ಜೊತೆಗೆ ತಿರುಗಿದರೂ ಇವನಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದೇ ನಾನು ತಿಳಿದಿದ್ದೆ.

ಪ್ರತಿ ಜಾಗದಿಂದ ಹೊರಡುವ ಮುಂಚೆ ಮೈಕು ವ್ಯಾನಿನ ಬಾಗಿಲಲ್ಲಿ ನಿಂತು ಬೆರಳು ಆಡಿಸುತ್ತಾ ತಲೆ ಎಣಿಸುತ್ತಾನೆ. ಹೆಸರು ಕೂಗುವುದಿಲ್ಲ. ಹೆಸರು ಕೂಗಿದರೆ ದೊಡ್ಡವರಿಗೆ ಇಸ್ಕೂಲು ನೆನಪಾಗಿ ಮುಖ ಗಂಟಿಕ್ಕಿಕೊಳ್ಳುತ್ತಾರಂತೆ. ಹದಿನೆಂಟಾದರೆ ‘ರೈಟ್’ ಅನ್ನುತ್ತಾನೆ, ನಾನು ಗೇರ್ ಹಾಕುತ್ತೇನೆ. ಒಂದು ದಿನವೂ ಒಂದು ತಲೆ ಹೆಚ್ಚಾಗಿಲ್ಲ, ಕಮ್ಮಿಯಾಗಿಲ್ಲ.

ಅವತ್ತು ಕೊನೆಯ ಸಾಲಿನ ಮೂಲೆಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಕಣ್ಣಿನ ಆಪರೇಶನ್ ಆದವರು ಹಾಕಿಕೊಳ್ಳುವ ಕಪ್ಪು ಕನ್ನಡಕ, ತಲೆಯ ಮೇಲೆ ಸೆರಗು. ನನ್ನ ಕನ್ನಡಿಯಲ್ಲಿ ಅವರು ನೇರ ಕಾಣುತ್ತಿದ್ದರು. ಮೈಕು ತಮಾಷೆ ಶುರುಮಾಡಿದರೆ ಸಾಕು, ಅದು ಮುಗಿಯುವ ಮುಂಚೆಯೇ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅರಮನೆಯ ಮೆಟ್ಟಿಲ ಹತ್ತಿರ ಅವನು ಕೈಹಿಡಿದು ಇಳಿಸಿದಾಗ ‘ಥ್ಯಾಂಕ್ಸ್ ಸಾರ್’ ಅಂದರು. ಇಂಥ ಗಿರಾಕಿ ದಿನಾ ಸಿಗಬಾರದೇ ಅಂದುಕೊಂಡೆ.

ಹನ್ನೊಂದಕ್ಕೆ ದೊಡ್ಡ ದೇವಸ್ಥಾನ. ಅದಕ್ಕೆ ನಾಲ್ಕು ಬಾಗಿಲು, ನಾಲ್ಕೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಪೂರ್ವದ ಬಾಗಿಲಲ್ಲಿ ಇಳಿಸಿ ಉತ್ತರದ ಬಾಗಿಲಲ್ಲಿ ಹತ್ತಿಸಿಕೊಳ್ಳಬೇಕು. ಮೈಕು ಇದನ್ನು ಮೂರು ಸಲ ಹೇಳಿಯೇ ಒಳಗೆ ಕರೆದೊಯ್ದ. ಒಂದು ಗಂಟೆ ಹೊತ್ತು ಸುತ್ತಿ ಎಲ್ಲರೂ ಬಂದು ಹತ್ತುತ್ತಿದ್ದಾಗ ಟ್ರಾಫಿಕ್ ಪೊಲೀಸಿನವನು ಸೀಟಿ ಊದಿ ಊದಿ ನನ್ನ ತಲೆ ಕೆಡಿಸಿದ. ನಾನೂ ಹಾರ್ನ್ ಒತ್ತಿ, ‘ಬೇಗ ಆಗ್ಲಿ ಮಾರಾಯ, ದಂಡ ನೀನು ಕಟ್ತೀಯಾ?’ ಅಂತ ಕೂಗಿದೆ. ಮೈಕು ಬೆರಳು ಆಡಿಸಿದ. ಹದಿನೆಂಟು. ರೈಟ್.

ಕೆರೆಗೆ ಅರ್ಧ ಗಂಟೆಯ ದಾರಿ. ಅಲ್ಲಿ ದೋಣಿ, ಊಟ ಎಲ್ಲ ಸೇರಿ ಎರಡು ಗಂಟೆ ಬಿಡುವು. ಎಲ್ಲರೂ ಇಳಿದರು. ಹಿಂದಿನ ಮೂಲೆಯಲ್ಲಿ ಒಂದು ತಲೆ ಉಳಿದಿತ್ತು. ಅದರ ಮೇಲಿದ್ದದ್ದು ಸೆರಗಲ್ಲ, ಒದ್ದೆ ಟವೆಲ್ಲು. ಮೈಕು ಹೋಗಿ ಟವೆಲ್ಲು ಎತ್ತಿದ. ಕೆಳಗೆ ಮೀಸೆ!

ಆ ಮನುಷ್ಯ ಕಣ್ಣುಜ್ಜಿಕೊಂಡು, ‘ಏನ್ರೀ, ಹೋಟೆಲ್ ಬಂತಾ? ನನ್ನ ಹೆಂಡ್ತಿ ಎಲ್ಲಿ?’ ಅಂದ. ಬೇರೆ ಟೂರಿನವನು. ಬಿಳಿ ವ್ಯಾನ್ ಕಂಡಿದ್ದೇ ತನ್ನದೆಂದು ಎಲ್ಲರಿಗಿಂತ ಮೊದಲೇ ಹತ್ತಿ, ಮೂಲೆ ಹಿಡಿದು ಗೊರಕೆ ಹೊಡೆದಿದ್ದ. ನನಗೆ ನಗು ತಡೆಯಲಾಗಲಿಲ್ಲ.

‘ಭಲೇ ಮೈಕು! ಅಜ್ಜಿ ಹತ್ತಿಸಿ ಅಜ್ಜನ್ನ ಇಳಿಸಿದ್ಯಲ್ಲೋ. ಹೋಗ್ಲಿ ಬಿಡು, ಇವರ ವ್ಯಾನಿನವರಿಗೆ ಫೋನ್ ಮಾಡು, ಅದಲು ಬದಲು ಮಾಡ್ಕೊಳ್ಳೋಣ.’

ಮೈಕು ಆ ಟವೆಲ್ಲನ್ನು ಕೈಯಲ್ಲಿ ಹಿಡಿದೇ ನಿಂತಿದ್ದ.

‘ಅಣ್ಣ,’ ಅಂದ. ‘ಅದು ನಮ್ಮಮ್ಮ.’

‘ಯಾರೋ?’ ಅಂದೆ. ಅವನು ಮತ್ತೆ ಅದನ್ನೇ ಹೇಳಿದ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವನಿಗೆ ತಾಯಿ ಇದ್ದಾಳೆ, ಅವಳು ಬೆಳಗಿನಿಂದ ನನ್ನ ಕನ್ನಡಿಯಲ್ಲೇ ಇದ್ದಳು, ಅವಳನ್ನು ಬಿಟ್ಟು ಬರಲು ಅವಸರದ ಹಾರ್ನ್ ಒತ್ತಿದವನು ನಾನೇ! ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಗಿರಾಕಿಗಳನ್ನು ದೋಣಿಯವನಿಗೆ ಒಪ್ಪಿಸಿ, ಮೀಸೆಯವನನ್ನು ಹಿಂದೆ ಕೂರಿಸಿಕೊಂಡು ವಾಪಸ್ ಹೊರಟೆವು. ದಾರಿಯಲ್ಲಿ ಮೈಕು ತುಂಡು ತುಂಡಾಗಿ ಹೇಳಿದ. ಅಮ್ಮ ಬೇರೆ ಊರಿನಲ್ಲಿ ಅಕ್ಕನ ಮನೆಯಲ್ಲಿರುವುದು. ಕಣ್ಣಿನ ಆಪರೇಶನ್ನಿಗೆಂದು ಇಲ್ಲಿಗೆ ಬಂದಿದ್ದಳು, ಮಾರನೆಯ ದಿನ ವಾಪಸ್ ಹೊರಡುವವಳು. ನೀನು ಕೆಲಸ ಮಾಡೋದನ್ನು ಒಂದು ದಿನ ಈ ಕಣ್ಣಲ್ಲಿ ನೋಡ್ಬೇಕು ಅಂದಿದ್ದಳಂತೆ. ತಿಂಗಳಿಂದ ಸೀಟೆಲ್ಲ ಭರ್ತಿ. ಅವತ್ತು ಬೆಳಿಗ್ಗೆ ಯಾರೋ ಒಬ್ಬರು ಬರುವುದಿಲ್ಲವೆಂದು ಫೋನ್ ಮಾಡಿದಾಗ ಆ ಸೀಟಿನಲ್ಲಿ ಅಮ್ಮನನ್ನು ಕೂರಿಸಿದ್ದ, ಯಾರಿಗೂ ಹೇಳದೆ.

‘ನನಗಾದ್ರೂ ಹೇಳ್ಬಾರ್ದಾಗಿತ್ತೇನೋ, ಪಾಪಿ!’

‘ಹೇಳಿದ್ರೆ ನಿನ್ನ ಕೆಲಸಕ್ಕೂ ಕುತ್ತು ಬರ್ತಿತ್ತಲ್ಲಣ್ಣ.’

ಅದೂ ನಿಜವೇ. ಖಾಲಿ ಸೀಟು ಖಾಲಿಯೇ ಹೋಗಬೇಕು, ಕೆಲಸದವರ ಮನೆಯವರು ಹತ್ತಕೂಡದು ಎನ್ನುವುದು ಟ್ರಾವೆಲ್ಸ್ ಯಜಮಾನರ ಕಟ್ಟಳೆ. ಹಿಂದಿದ್ದ ಗೈಡು ಭಾಮೈದನನ್ನು ಕೂರಿಸಿಕೊಂಡನೆಂದು ನಡುರಸ್ತೆಯಲ್ಲೇ ಇಳಿಸಿ ಕೆಲಸದಿಂದ ತೆಗೆದಿದ್ದರು. ಅದಕ್ಕೇ ಮೈಕು ಅಮ್ಮನಿಗೆ, ‘ಏನೇ ಆದ್ರೂ ನನ್ನ ಮಗ ಅನ್ಬೇಡ, ಅಂದ್ರೆ ನನ್ನ ಅನ್ನ ಹೋಗುತ್ತೆ’ ಅಂತ ಹೇಳಿ ಕೂರಿಸಿದ್ದ. ಅವಳ ಹತ್ತಿರ ಫೋನಿಲ್ಲ, ಅವನ ಕೋಣೆಯ ವಿಳಾಸವೂ ಗೊತ್ತಿಲ್ಲ. ಲೋಕಕ್ಕೆಲ್ಲ ದಾರಿ ತೋರಿಸುವವನ ಮನೆಯ ಗತಿ ಇದು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಸುಮ್ಮನೆ ಅಲ್ಲ.

ಮೀಸೆಯವನನ್ನು ಅವನ ಹೆಂಡತಿಯ ಬೈಗುಳಕ್ಕೆ ಒಪ್ಪಿಸಿ ಬಾಗಿಲಿಂದ ಬಾಗಿಲಿಗೆ ಓಡಿದೆವು. ಉತ್ತರದಲ್ಲಿ ಇಲ್ಲ, ಪೂರ್ವದಲ್ಲಿ ಇಲ್ಲ. ದಕ್ಷಿಣದ ಬಾಗಿಲ ಪೊಲೀಸ್ ಚೌಕಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಅಬ್ಬ! ಹೋದ ಜೀವ ಬಂದ ಹಾಗಾಯಿತು.

ಒಳಗೆ ನುಗ್ಗಿದ ನನ್ನನ್ನು ಮಹಿಳಾ ಪೇದೆ ತಡೆದರು. ‘ಯಾರು ನೀವು? ಒಂದೂವರೆ ಗಂಟೆ ಹೊತ್ತಿಂದ ಕೇಳ್ತಿದೀನಿ, ಯಾರ ಜೊತೆ ಬಂದ್ರಿ ಅಂದ್ರೆ ಒಬ್ಳೇ ಬಂದೆ ಅಂತಾರೆ. ಮಕ್ಕಳು ಅಂದ್ರೆ ಯಾರೂ ಇಲ್ಲ ಅಂತಾರೆ. ವೃದ್ಧಾಶ್ರಮಕ್ಕೆ ಫೋನ್ ಮಾಡಿದೀನಿ, ಗಾಡಿ ಬರ್ತಿದೆ.’

‘ಆಶ್ರಮ ಯಾಕೆ ಮೇಡಂ?’

‘ಇನ್ಯಾಕೆ? ದೇವಸ್ಥಾನ ತೋರಿಸ್ತೀವಿ ಅಂತ ಕರ್ಕೊಂಡು ಬಂದು ಬಿಟ್ಟು ಹೋಗೋರು ತಿಂಗಳಿಗೆ ಇಬ್ರು ಮೂವರು ಇರ್ತಾರೆ. ಆ ತಾಯಂದಿರೂ ಹೀಗೇ ಹೇಳೋದು, ಮಕ್ಕಳೇ ಇಲ್ಲ ಅಂತ. ಮಕ್ಕಳ ಮಾನ ಕಾಯೋಕೆ.’

ಇದೇ ದೇವಸ್ಥಾನದ ಮುಂದೆ ಎಷ್ಟು ವರ್ಷದಿಂದ ಗಾಡಿ ನಿಲ್ಲಿಸುತ್ತಿದ್ದೇನೆ, ಇಂಥದ್ದೊಂದು ನಡೆಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಮೈಕುವಿನ ಮುಖವನ್ನು ತಿರುಗಿ ನೋಡಿದೆ, ಇವನೂ ಬೇಕೆಂದೇ ಬಿಟ್ಟನೇ ಅಂತ. ಥೂ, ನನ್ನ ಬುದ್ಧಿಗಿಷ್ಟು!

ಅವನು ಹೊಸ್ತಿಲಲ್ಲೇ ನಿಂತಿದ್ದ. ‘ಅಮ್ಮ’ ಅಂದ. ಅಜ್ಜಿ ಕತ್ತೆತ್ತಿ ನೋಡಿದಳು. ನಾನು ಹಾಕಿಕೊಂಡಿದ್ದ ಟ್ರಾವೆಲ್ಸಿನ ಅಂಗಿಯನ್ನೂ ನೋಡಿದಳು.

‘ಇವರು ಗೈಡು ಕಣಮ್ಮ,’ ಎಂದು ಪೇದೆಗೆ ಹೇಳಿದಳು. ‘ಬೆಳಿಗ್ಗೆ ನೋಡಿದ್ದೆ. ಬಹಳ ಚೆನ್ನಾಗಿ ಮಾತಾಡ್ತಾರೆ. ನನಗೆ ಏನೂ ಆಗ್ಬೇಕಾಗಿಲ್ಲ ಇವರು.’

ಹೆತ್ತ ಮಗನನ್ನು ಇವರು ಅಂದಳು. ನಾನು, ‘ಅಜ್ಜಿ, ನನಗೆಲ್ಲ ಗೊತ್ತು, ಹೆದರ್ಬೇಡಿ’ ಅಂದೆ. ‘ನೀವು ಯಾರಪ್ಪ?’ ಅಂದಳು. ಪೇದೆ ಮೈಕುವನ್ನು ಮೇಲಿಂದ ಕೆಳಗೆ ನೋಡಿ, ‘ಏನ್ರೀ ಇದು? ನಿಮ್ಮ ತಾಯಿ ಅನ್ನೋಕೆ ಗುರುತೇನಿದೆ?’ ಅಂದರು. ಹೊರಗೆ ಆಶ್ರಮದ ಗಾಡಿ ಬಂದು ನಿಂತಿತು. ಇಬ್ಬರು ಇಳಿದು ಒಳಗೆ ಬಂದರು. ಅಜ್ಜಿ ತನ್ನ ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟಳು, ಅವರ ಜೊತೆ ಹೊರಡಲು!

ಮೈಕು ಜೇಬಿನಿಂದ ಫೋನ್ ತೆಗೆದ. ಸ್ಪೀಕರ್ ಒತ್ತಿ ಅಮ್ಮನ ಮುಂದೆ ಹಿಡಿದ.

‘ಏನೋ?’ ಅಂತ ಯಜಮಾನರ ದನಿ ಬಂತು.

‘ಸಾರ್, ಇವತ್ತು ಖಾಲಿಯಾದ ಸೀಟಲ್ಲಿ ನಮ್ಮಮ್ಮನ್ನ ಕೂರಿಸಿದ್ದೆ. ನನ್ನ ಹೆತ್ತ ತಾಯಿ. ಡ್ರೈವರ್‌ಗೆ ಗೊತ್ತಿರ್ಲಿಲ್ಲ.’

‘ಸಂಜೆ ಐಡಿ ಕಾರ್ಡ್ ಆಫೀಸಲ್ಲಿ ಕೊಟ್ಟು ಹೋಗು’ ಅಂದರು. ಫೋನ್ ಕಟ್ಟಾಯಿತು.

ಅಜ್ಜಿ ಕನ್ನಡಕ ತೆಗೆದಳು. ಆಪರೇಶನ್ ಆದ ಕಣ್ಣಿಗೆ ನೀರು ಸೋಕಬಾರದೆಂದು ಡಾಕ್ಟರು ಹೇಳಿದ್ದರೇನೋ, ಆದರೂ ಆ ಕಣ್ಣು ತುಂಬಿ ಹರಿಯುತ್ತಿತ್ತು. ಕೈಚೀಲ ಎತ್ತಿ ಮಗನ ಭುಜಕ್ಕೆ ಪಟಾರೆಂದು ಬಾರಿಸಿದಳು.

‘ಯಾಕೋ ಹೇಳ್ದೆ, ಮುಠ್ಠಾಳ? ಇನ್ನೊಂದು ಸ್ವಲ್ಪ ಹೊತ್ತು ತಡ್ಕೊಂಡಿದ್ರೆ ನಾನು ಹೊರಟುಹೋಗ್ತಿದ್ನಲ್ಲೋ!’