ಅಕ್ಕಯಮ್ಮನ ಸೊಂಟದ ಬೀಗದಕೈ

ಸಮೇತನಹಳ್ಳಿಗೆ ಹೋಗಿ 'ಬಂದೂಕಿನ ಮನೆ ಯಾವುದು?' ಎಂದರೆ ಸಾಕು, ಚಿಕ್ಕ ಮಕ್ಕಳೂ ಅಪ್ಪಯ್ಯಣ್ಣನ ಮನೆ ತೋರಿಸುತ್ತವೆ. ಅವನಪ್ಪ ಕೊಂಡಪ್ಪನ ಕಾಲದ ಒಂಟಿ ನಳಿಕೆಯ ಬಂದೂಕು ಅದು. ಬೆಳೆ ಕಾಯಲೆಂದು ಸರ್ಕಾರ ಲೈಸೆನ್ಸ್ ಕೊಟ್ಟದ್ದು. ಅಪ್ಪಯ್ಯಣ್ಣ ಆಕಾಶಕ್ಕೆ ಒಂದು ಗುಂಡು ಬಿಟ್ಟು ಹಂದಿ ಓಡಿಸಿದ್ದಾನೆಯೇ ಹೊರತು ಒಂದು ಕಾಗೆಯನ್ನೂ ಕೊಂದವನಲ್ಲ. ಆದರೂ ಅವನು ಮೀಸೆ ತಿರುವುವುದನ್ನು ನೋಡಬೇಕು, ಕಾಡನ್ನೇ ಗೆದ್ದು ಬಂದವನ ಗತ್ತು.

ಲೈಸೆನ್ಸ್ ಅವನದು, ಬಂದೂಕಿನ ಚಾಕರಿಯೆಲ್ಲ ಹೆಂಡತಿ ಅಕ್ಕಯಮ್ಮನದು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಬಂದೂಕಿದ್ದ ಕೋಣೆಗೆ ಕಾಲಿಡಲೂ ಹೆದರುತ್ತಿದ್ದಳು. ಮಾವ ಕೊಂಡಪ್ಪ ಒಂದು ದಿನ ಗುಂಡಿಲ್ಲದ ಬಂದೂಕನ್ನು ಅವಳ ಮುಂದಿಟ್ಟು, ಕೈಗೆ ಎಣ್ಣೆಬಟ್ಟೆ ಕೊಟ್ಟು, "ಇದೂ ನೇಗಿಲಂಗೇ ಒಂದು ಸಾಮಾನು ಕಣಮ್ಮ, ಒರ್ಸು" ಅಂದ. ಅಂದಿನಿಂದ ಒರೆಸಿದ್ದೇ ಒರೆಸಿದ್ದು. ಚುನಾವಣೆ ಬಂದರೆ ಊರ ಬಂದೂಕುಗಳೆಲ್ಲ ಪೊಲೀಸ್ ಠಾಣೆ ಸೇರಬೇಕಲ್ಲ, ಆಗ ಅಪ್ಪಯ್ಯಣ್ಣ ನಿಶ್ಚಿಂತೆಯಿಂದ ಇರುತ್ತಿದ್ದ. ಏನೂ ತೋಚದೆ ಓಡಾಡುತ್ತಿದ್ದವಳು ಅವಳು. ಬಂದೂಕು ವಾಪಸು ಬಂದಾಗ, ಅತ್ತೆಮನೆಯಿಂದ ಬಂದ ಮಗಳನ್ನು ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿ, ಸೊರಗಿಹೋಗಿದೆ ಎನ್ನುತ್ತಿದ್ದಳು. ಅದನ್ನಿಡುವ ಕಬ್ಬಿಣದ ಬೀರುವಿನ ಬೀಗದಕೈ ಯಾವಾಗಲೂ ಅವಳ ಸೊಂಟದಲ್ಲೇ.

ಮಗ ಬೈರೇಶ ಮನೆಗೆ ವಿಮೆ ಮಾಡಿಸಲು ಹೊರಟದ್ದೇ ಎಡವಟ್ಟಿಗೆ ಮೂಲ. ವಿಮೆ ಕಂಪನಿಯ ನವೀನ್‌ಕುಮಾರ್ ಮನೆ ನೋಡಲು ಬಂದು, ಟಿವಿ, ಫ್ರಿಜ್ಜು, ಗ್ರೈಂಡರು ಎಲ್ಲ ಬರೆದುಕೊಂಡು ಎದ್ದ. ಮನೆಯಲ್ಲಿರುವ ಒಂದೇ ಒಂದು ಬೆಲೆಬಾಳುವ ಸಾಮಾನು ಬಿಟ್ಟುಹೋಯಿತಲ್ಲಪ್ಪ ಎಂದು ಅಪ್ಪಯ್ಯಣ್ಣ ತಡೆದ. ಲೈಸೆನ್ಸ್ ಇರುವ ಬಂದೂಕಾದರೆ ಪಾಲಿಸಿಯಲ್ಲಿ ಅದನ್ನು ಬೇರೆಯಾಗಿ ನಮೂದಿಸಿ ಸೇರಿಸಬಹುದು, ಬಂದೂಕಿನ ಅಂಗಡಿಯವರಿಂದ ಅದರ ಬೆಲೆ ಬರೆಸಿ ತರಬೇಕು, ಬೀಗ ಹಾಕಿಯೇ ಇಡಬೇಕು ಎಂದು ಹುಡುಗ ವಿವರಿಸಿದ. ಆಮೇಲೆ, ಬೀಗದಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದ.

ನನ್ನ ಹತ್ತಿರ ಎಂದು ಸುಮ್ಮನಾಗಬಾರದೇ ಈ ಮನುಷ್ಯ? ಹೆಂಡತಿಯನ್ನು ಹೊಗಳುವುದು ಅವನಿಗೆ ಅಪರೂಪ, ಆ ಅಪರೂಪ ಅವತ್ತೇ ಒದಗಬೇಕೆ?

"ಬೀಗ, ಬಂದೂಕ ಎಲ್ಲ ಅವಳ್ದೇ ಕಣಪ್ಪಾ. ನಾನು ಸುಮ್ನೆ ಹೆಸರಿಗೆ," ಅಂದ.

ನವೀನ್‌ಕುಮಾರ್ ಪೆನ್ನು ಕೆಳಗಿಟ್ಟ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಇಟ್ಟುಕೊಳ್ಳಬೇಕು, ಬೇರೆಯವರು ಮುಟ್ಟಿದರೆ ಕಂಪನಿ ಒಪ್ಪುವುದಿಲ್ಲ, ಕಂಪನಿ ಹಾಗಿರಲಿ, ಪೊಲೀಸರೂ ಒಪ್ಪುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಪಾಪ, ಒಳ್ಳೆಯ ಹುಡುಗ, ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕಯಮ್ಮ ಸೊಂಟದಿಂದ ಬೀಗದಕೈ ಬಿಚ್ಚಿ ಗಂಡನ ಮುಂದಿಟ್ಟು, ಸಾರು ಕುದಿಯುತ್ತಿದೆ ಎಂದು ಒಳಗೆ ಹೋದಳು.

ಪಾಲಿಸಿ ಬಂತು. ಅಪ್ಪಯ್ಯಣ್ಣನ ಪಾಡು ಮಾತ್ರ ಕೇಳಬೇಡಿ. ಬೀಗದಕೈ ಒಮ್ಮೆ ಹಸುವಿನ ಬೂಸಾದಲ್ಲಿ ಸಿಕ್ಕಿತು, ಇನ್ನೊಮ್ಮೆ ಒಗೆಯಲು ಹಾಕಿದ ಪಂಚೆಯ ಗಂಟಿನಲ್ಲಿ. ಪೊರೆ ಬಂದ ಅವನ ಕಣ್ಣಿಗೆ ನಳಿಕೆಯ ಮೇಲಿನ ತುಕ್ಕು ಕಾಣಲಿಲ್ಲ. ಅವನು ಬೀರು ತೆಗೆದಾಗ ಅಕ್ಕಯಮ್ಮನಿಗೆ ಬಾಗಿಲಿನಿಂದಲೇ ಕಾಣುತ್ತಿತ್ತು, ಆದರೆ ಅವಳು ಕೋಣೆಯೊಳಗೆ ಕಾಲಿಡಲಿಲ್ಲ.

ಆಯುಧಪೂಜೆಯ ದಿನ ಕುಡುಗೋಲು, ಗುದ್ದಲಿ, ಟ್ರ್ಯಾಕ್ಟರಿಗೆಲ್ಲ ಅವಳೇ ಅರಿಶಿನ ಕುಂಕುಮ ಹಚ್ಚಿದಳು. ಬಂದೂಕಿನ ಹತ್ತಿರ ಬಂದಾಗ ಮಾತ್ರ ನೀಡಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ದೂರದಿಂದಲೇ ಒಂದು ಚೆಂಡುಹೂ ಹಾಕಿ ಕೈಮುಗಿದಳು. ಅಪ್ಪಯ್ಯಣ್ಣ ಅದನ್ನು ನೋಡಿದ. ಇವಳು ಒರೆಸಿ ಕಾಪಾಡಿದ ಬಂದೂಕಿನಿಂದ ಊರಲ್ಲಿ ದೊಡ್ಡ ಮನುಷ್ಯನಾದವನು ತಾನು. ಅದನ್ನು ಮುಟ್ಟುವ ಹಕ್ಕು ಕೂಡ ಇವಳಿಗಿಲ್ಲ. ಅವತ್ತು ಅವನಿಗೆ ಒಬ್ಬಟ್ಟೂ ಸೇರಲಿಲ್ಲ.

ಹಬ್ಬ ಕಳೆದ ಮೇಲೆ, ನನಗೂ ವಯಸ್ಸಾಯಿತು, ಲೈಸೆನ್ಸನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕುತ್ತೇನೆ ಎಂದು ಮನೆಯಲ್ಲಿ ಹೇಳಿದ. ಬೈರೇಶ ಅವತ್ತೇ ನೀಟಾಗಿ ಶೇವಿಂಗ್ ಮಾಡಿಸಿಕೊಂಡು ಫೋಟೋ ತೆಗೆಸಿಕೊಂಡು ಬಂದ. ಅಪ್ಪಯ್ಯಣ್ಣ ನೋಡಿ, ಚೆನ್ನಾಗಿ ಬಂದಿದೆ, ಗೋಡೆಗೆ ಹಾಕಿಸು ಎಂದು ವಾಪಸು ಕೊಟ್ಟು ಅಡುಗೆಮನೆಗೆ ಹೋದ.

"ಸೀರೆ ಬದಲಾಯಿಸ್ಕೊಳೇ. ಹೊಸಕೋಟೆಗೆ ಹೋಗಿ ನಿನ್ ಫೋಟೋ ತೆಗಿಸ್ಬೇಕು," ಅಂದ.

ತಿಂಗಳುಗಟ್ಟಲೆ ಓಡಾಟವಾಯಿತು. ವಿಚಾರಣೆಗೆ ಬಂದ ಪೊಲೀಸಿನವರು, ಈ ವಯಸ್ಸಿನಲ್ಲಿ ಬಂದೂಕು ಯಾತಕ್ಕಮ್ಮ ಎಂದು ಕೇಳಿದರು. ಬೆಳೆ ಕಾಯೋಕೆ ಅನ್ನು ಎಂದು ಬೈರೇಶ ಬೆಳಗ್ಗೆಯಿಂದ ಬಾಯಿಪಾಠ ಮಾಡಿಸಿದ್ದ.

"ಒರ್ಸೋಕೆ ಸ್ವಾಮಿ," ಅಂದಳು ಅಕ್ಕಯಮ್ಮ.

ಬೈರೇಶ ತಲೆಯ ಮೇಲೆ ಕೈ ಹೊತ್ತ. ಪೊಲೀಸಿನವರು ನಕ್ಕು, ಕಾಫಿ ಕುಡಿದು, ಹೊಲಕ್ಕೆ ಹೋಗಿ ಹಂದಿ ನುಗ್ಗಿ ಹಾಳು ಮಾಡಿದ ರಾಗಿಯನ್ನು ನೋಡಿ ಬರೆದುಕೊಂಡು ಹೋದರು.

ಕೊನೆಗೂ ಅಕ್ಕಯಮ್ಮನ ಹೆಸರಿಗೆ ಲೈಸೆನ್ಸ್ ಬಂತು. ನವೀನ್‌ಕುಮಾರ್ ಪಾಲಿಸಿಯಲ್ಲೂ ಹೆಸರು ಬದಲಾಯಿಸಿಕೊಟ್ಟ. ಬೀಗದಕೈ ಸೊಂಟಕ್ಕೆ ಮರಳಿದ ದಿನ ಅವಳು ಜಗಲಿಯಲ್ಲಿ ಚಾಪೆ ಹಾಸಿ, ಎಣ್ಣೆಬಟ್ಟಲು ಇಟ್ಟುಕೊಂಡು ತುಕ್ಕು ತಿಕ್ಕಲು ಕೂತಳು. ನಳಿಕೆ ಮತ್ತೆ ಕಪ್ಪಗೆ ಮಿನುಗತೊಡಗಿತು. ಪಕ್ಕದಲ್ಲಿ ಕೂತಿದ್ದ ಅಪ್ಪಯ್ಯಣ್ಣನಿಗೆ ಅಪ್ಪನ ನೆನಪಾಗಿ, ಒಂದು ಸಲ ಕೈಯಾಡಿಸೋಣವೆಂದು ಕೈ ಚಾಚಿದ.

"ಮುಟ್ಬೇಡಿ. ಲೈಸೆನ್ಸ್ ಇಲ್ದೋರು ಮುಟ್ಟಿದ್ರೆ ಕಂಪ್ನಿಯೋರು ಒಪ್ಪಲ್ಲ," ಅಂದಳು ಅಕ್ಕಯಮ್ಮ, ತಲೆಯೆತ್ತದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡು ಮುಖ ಸಪ್ಪಗೆ ಮಾಡಿಕೊಂಡ. ಅವಳು ಓರೆಗಣ್ಣಿನಲ್ಲಿ ನೋಡಿದಳು.

"ಬಟ್ಲು ಬೇಕಾದ್ರೆ ಹಿಡ್ಕೊಳ್ಳಿ."

ಅಪ್ಪಯ್ಯಣ್ಣ ಎಣ್ಣೆಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಒರೆಸಿ ಮುಗಿಸುವವರೆಗೂ ಅಲ್ಲೇ ಕೂತಿದ್ದ.