ಮೂರನೇ ಸಾಲಿನ ಕಾಡತೂಸು

ಬೇಸಿಗೆಯ ಸಂಜೆ ನಗೋಯಾದ ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಪಾರ್ಕಿನಲ್ಲಿ ಮಕ್ಕಳು ಸುರುಸುರುಬತ್ತಿ ಹಚ್ಚುತ್ತಾರೆ. ಸುಟ್ಟ ಮದ್ದಿನ ಆ ಕಟು ವಾಸನೆ ಬಾಲ್ಕನಿಗೆ ಬಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಈಗಿಲ್ಲದ ಮನೆಯೊಂದಕ್ಕೆ ಕರೆದೊಯ್ಯುವ ವಾಸನೆ ನಿಮಗೂ ಒಂದು ಇದ್ದೇ ಇರುತ್ತದೆ. ನನ್ನ ಆ ಮನೆ ಇದ್ದದ್ದು ಊರಾಚೆಯ ಗುಡ್ಡದ ಬುಡದಲ್ಲಿ. ಅಪ್ಪ ಮೈಸೂರಿನಿಂದ ಇಲ್ಲಿಗೆ ಸಂಶೋಧನೆಗೆಂದು ಬಂದಾಗ ಅದರ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಕೆಳಗೆ ಮನೆಯ ಯಜಮಾನರು, ಒಂಟಿ ಮುದುಕರು. ನಾನು ಅವರನ್ನು ಓಜಿ-ಸಾನ್ ಎನ್ನುತ್ತಿದ್ದೆ, ಅಂದರೆ ಅಜ್ಜ. ನಮ್ಮಿಬ್ಬರ ಮಾತೆಲ್ಲ ಜಪಾನಿಯಲ್ಲೇ.

ಅಜ್ಜ ಬೇಟೆಗಾರರು. ಗೆಣಸಿನ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಊರಿನವರು ಮೊದಲು ಬರುತ್ತಿದ್ದದ್ದು ಅವರ ಬಾಗಿಲಿಗೆ. ಅದು ಅವರಿಗೆ ಕೆಲಸಕ್ಕಿಂತ ಹೆಚ್ಚು, ಇದ್ದ ಹೆಮ್ಮೆಯೆಲ್ಲ ಅದೇ. ಹೊಡೆದು ಖಾಲಿಯಾದ ಕಾಡತೂಸುಗಳಿಗೆ ಪೊಲೀಸರ ಅನುಮತಿ ಪಡೆದು ಮನೆಯಲ್ಲೇ ಒಂದು ಪುಟ್ಟ ಕೈಮಿಷನ್ನಿನಲ್ಲಿ, ಸಾಲುಸಾಲಾಗಿ ಜೋಡಿಸಿಟ್ಟು, ಮತ್ತೆ ಮದ್ದು ತುಂಬುತ್ತಿದ್ದರು. ಅಮ್ಮ ಹಬ್ಬದ ಮಡಿಯಡುಗೆಯನ್ನೂ ಅಷ್ಟು ನೇಮದಿಂದ ಮಾಡಿದವಳಲ್ಲ. ಮೊದಲು ಸೀಮೆಎಣ್ಣೆ ಒಲೆ ಆರಿಸಬೇಕು. ಉಣ್ಣೆಯ ಸ್ವೆಟರ್ ಕಳಚಿ, ಮೈಯ ಸ್ಥಿರವಿದ್ಯುತ್ತಿನಿಂದ ಕಿಡಿ ಹಾರದಂತೆ ಕಬ್ಬಿಣದ ಸರಳು ಮುಟ್ಟಿ ಕೂರಬೇಕು. ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಇರಬೇಕು. ಪ್ರತಿ ಹಂತಕ್ಕೂ ಇಲ್ಲಿನ ರೈಲಿನವರ ಹಾಗೆ ಬೆರಳು ತೋರಿಸಿ “ಯೋಶಿ” ಎನ್ನುತ್ತಿದ್ದರು, ಸರಿಯಿದೆ ಎಂದು. ನಾನು ಮೂಲೆಯಲ್ಲಿ ಕೂರಬಹುದಿತ್ತು, ಆದರೆ ಪಿಟಿಕ್ಕೆನ್ನುವಂತಿಲ್ಲ. ಮಧ್ಯೆ ಗಮನ ತಪ್ಪಿದರೆ ಅಂದು ತುಂಬಿದ್ದನ್ನೆಲ್ಲ ಬಿಚ್ಚಿ ಸುರಿಯಬೇಕೆಂಬುದು ಅವರದೇ ಕಟ್ಟಳೆ.

ನನಗೆ ಹತ್ತು ವರ್ಷವಾಗಿದ್ದಾಗ, ಒಂದು ಶರತ್ಕಾಲದ ಮಧ್ಯಾಹ್ನ, ಅವರು ಐದನೇ ಸಾಲು ತುಂಬುತ್ತಿದ್ದಾಗ ಅಮ್ಮ ಮೇಲಿನಿಂದ ಕರೆದಳು. ನಾನು ಸದ್ದಿಲ್ಲದೆ ಎದ್ದು ಹೋದೆ. ಅವತ್ತು ಆಯುಧ ಪೂಜೆ. ಅಪ್ಪನ ಲ್ಯಾಪ್‌ಟಾಪು, ನನ್ನ ಸೈಕಲ್ಲು, ಕುಕ್ಕರು, ಎಲ್ಲಕ್ಕೂ ಕುಂಕುಮವಾಗಿತ್ತು. “ಪಾಪ ಕಣೇ, ಕೆಳಗಿನ ಅಜ್ಜನ ಮಿಷನ್‌ಗೂ ಒಂದು ಆರತಿ ಮಾಡ್ಬಿಡೋಣ. ಒಳ್ಳೇದಾಗ್ಲಿ” ಎಂದಳು. ಶುದ್ಧ ಮೈಸೂರಿನ ಒಳ್ಳೆಯತನ. ಕೆಳಗೇನು ನಡೆಯುತ್ತಿದೆಯೆಂದು ಗೊತ್ತಿದ್ದವಳು ನಾನೊಬ್ಬಳೇ, ಆದರೂ ಉತ್ಸಾಹದಲ್ಲಿ ಮೈಮರೆತು ಬಾಗಿಲು ಸರಿಸಿದ್ದೂ ನಾನೇ. ಅಮ್ಮನ ತಟ್ಟೆಯಲ್ಲಿ ಕರ್ಪೂರ ಧಗಧಗ ಉರಿಯುತ್ತಿತ್ತು.

ಅಜ್ಜ ಕೂಗಾಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದರು, ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು, ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು ಅಂಗಳದ ಕಲ್ಲಿನ ಮೇಲಿಟ್ಟರು. ಅಮ್ಮ “ಸುಮಿಮಾಸೆನ್, ಸುಮಿಮಾಸೆನ್” ಎಂದು ಕ್ಷಮೆ ಕೇಳುತ್ತಲೇ ಇದ್ದಳು. “ಚಿಲಕ ಹಾಕದೆ ಇದ್ದದ್ದು ನನ್ನ ತಪ್ಪು” ಎಂದುಬಿಟ್ಟರು ಅವರು. ನನಗೆ ಅಳು ಬಂತು.

ಮರುದಿನ ಕಟ್ಟಳೆಯಂತೆ ಅಷ್ಟನ್ನೂ ಬಿಚ್ಚಲು ಕೂತರು. ನಾನು ನನ್ನ ಮೂಲೆಯಲ್ಲಿದ್ದೆ. ಅಮ್ಮ ಕರೆಯುವ ಮೊದಲೇ ತುಂಬಿ ಮುಗಿಸಿದ್ದ ಮೂರನೇ ಸಾಲಿನ ಒಂದು ಕಾಡತೂಸಿನಲ್ಲಿ ಸೀಸದ ಚರೆ ಇತ್ತು, ಮದ್ದಿರಲಿಲ್ಲ. ಅಂಥದ್ದನ್ನು ಹೊಡೆದರೆ ಒಳಗಿನ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಗೊತ್ತಾಗದೆ ಅದರ ಹಿಂದೆ ಇನ್ನೊಂದು ಹೊಡೆದರೆ ಕೋವಿ ಕೈಯಲ್ಲೇ ಸಿಡಿದು ಬೆರಳುಗಳು ಹಾರಿಹೋಗುತ್ತವೆ. ಅದನ್ನೆಲ್ಲ ಹಿಂದೆ ನನಗೆ ಹೇಳಿಕೊಟ್ಟವರೂ ಅವರೇ. ಆ ಕಾಡತೂಸನ್ನು ಅಂಗೈಯಲ್ಲಿಟ್ಟುಕೊಂಡು ಮೆತ್ತಗೆ ಕೇಳಿದರು: “ಮೂರನೇ ಸಾಲು ತುಂಬ್ತಿದ್ದಾಗ ನೀನೇನಾದ್ರೂ ಮಾತಾಡಿದ್ಯಾ?”

ನಾನು ಹೂಂ ಎನ್ನಲಿ ಎಂದು ಅವರು ಕಾಯುತ್ತಿದ್ದಾರೆಂಬುದು ನನಗೂ ಗೊತ್ತಾಯಿತು. ಹಾಗೆಂದಿದ್ದರೆ ತಪ್ಪು ಅವರ ವಯಸ್ಸಿನ ಮರೆವಿನದಲ್ಲ, ನನ್ನದಾಗುತ್ತಿತ್ತು, ಕೋವಿ ಅವರಲ್ಲೇ ಉಳಿಯುತ್ತಿತ್ತು.

“ಇಲ್ಲ ಅಜ್ಜ. ಯಾರೂ ಮಾತಾಡ್ಲಿಲ್ಲ.”

ಆ ವಾರವೇ ಅವರು ಕೋವಿಯನ್ನೂ ಪರವಾನಗಿಯನ್ನೂ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದರು. ಆಮೇಲಿನ ಚಳಿಗಾಲಗಳಲ್ಲಿ ಹಂದಿ ಬಂದರೆ ಜಗಲಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಹಂದಿಗಳು ಕ್ಯಾರೇ ಅನ್ನುತ್ತಿರಲಿಲ್ಲ. ಆದರೂ ಇವತ್ತು ಕೇಳಿದರೂ ನನ್ನ ಉತ್ತರ ಅದೇ, ಅದರಲ್ಲಿ ಅನುಮಾನವಿಲ್ಲ. ಆ ಮನೆ ಕೆಡವಿ ಈಗ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಕೊನೆಯ ಸಲ ಅಜ್ಜನನ್ನು ಕಂಡದ್ದು ಆಸ್ಪತ್ರೆಯಲ್ಲಿ, ಮಾತು ನಿಂತಿತ್ತು. ಅವರ ಎರಡೂ ಕೈ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಸವರುತ್ತ ಕೂತಿದ್ದೆ. ಹತ್ತೂ ಇದ್ದವು.