ತಮ್ಮನನ್ನು ಸಾರ್ ಎಂದವಳು

ವರ್ತೂರಿನ ಶಶಿಕಲಾ ಸಿಟ್ಟಿನ ಹೆಂಗಸು ಎಂದು ಯಾರೂ ಹೇಳಲಾರರು. ರವಿಕೆ ಬಿಗಿಯಾಯಿತೆಂದು ಮತ್ತೆ ಮತ್ತೆ ವಾಪಸ್ ತರುವವರಿಗೂ ನಗುನಗುತ್ತಲೇ ಹೊಲಿಗೆ ಬಿಚ್ಚಿ ಸರಿ ಮಾಡಿಕೊಡುತ್ತಾಳೆ. ಆದರೆ ಆಕೆಯ ಸಿಟ್ಟು ಉಕ್ಕಿ ಇಳಿಯುವ ಜಾತಿಯದಲ್ಲ, ಬೂದಿ ಮುಚ್ಚಿದ ಕೆಂಡ. ಮೂರು ವರ್ಷದಿಂದ ಅದು ಒಬ್ಬನಿಗಾಗಿಯೇ ಕಾಯುತ್ತಿತ್ತು. ಅವನು ಆಕೆಯ ಒಡಹುಟ್ಟಿದ ತಮ್ಮ ಮುನಿರಾಜು.

ಅತ್ತಿಬೆಲೆಯ ಆಚೆ ಹಾಲುಕುಂಟೆ ಆಕೆಯ ತವರು. ಅಪ್ಪ ಬೇಗ ಹೋದ. ಅಮ್ಮ ಕಂಡವರ ಹೊಲದಲ್ಲಿ ಕಳೆ ಕೀಳಲು ಹೋದರೆ ಮುನಿರಾಜು ಇಡೀ ದಿನ ಅಕ್ಕನ ಸೊಂಟದ ಮೇಲೆಯೇ ಇರುತ್ತಿದ್ದ. ಅವನಿಗೆ ನಡೆಯಲು ಬಂದಮೇಲೂ ಇಳಿಯುತ್ತಿರಲಿಲ್ಲ, ಇವಳೂ ಇಳಿಸುತ್ತಿರಲಿಲ್ಲ. ಮದುವೆಯಾಗಿ ವರ್ತೂರಿಗೆ ಬಂದಳು. ಗಂಡ ಕಂಪನಿ ಬಸ್ಸಿನ ಡ್ರೈವರ್. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಇಬ್ಬರು ಮಕ್ಕಳನ್ನು ಓದಿಸಿದಳು. ಪಾಲು ಕೊಡು ಎಂದು ತಮ್ಮನ ಹತ್ತಿರ ಒಂದು ದಿನವೂ ಬಾಯಿ ಬಿಟ್ಟವಳಲ್ಲ.

ಆದರೂ ಅಮ್ಮ ಸತ್ತಾಗ ಅವನು ಅಕ್ಕನಿಗೆ ಹೇಳಿ ಕಳಿಸಲಿಲ್ಲ. ಆಗ ಜಮೀನನ್ನು ಗೋಡೌನಿನವರಿಗೆ ಮಾರುವ ಮಾತು ನಡೆದಿತ್ತು. ಹೆಣದ ಮುಂದೆ ಅಕ್ಕ ಬಂದು ಕೂತರೆ ಊರ ಹಿರಿಯರು ಅವಳ ಪಾಲಿನ ಮಾತು ಎತ್ತುತ್ತಾರೆಂದು ಹೆದರಿದ. ಮಣ್ಣು ಮಾಡಿ, ಮೂರನೆಯ ದಿನ ಹಾಲು ತುಪ್ಪ ಬಿಡುವ ಹೊತ್ತಿಗೆ ಫೋನ್ ಮಾಡಿ, ಲೈನ್ ಸಿಗಲಿಲ್ಲ ಅಂದ. ಲೈನ್ ಸಿಗದಿದ್ದರೆ ಒಂದು ಬೈಕೂ ಸಿಗಲಿಲ್ಲವೇ? ಹೆತ್ತವಳ ಮುಖವನ್ನು ಕೊನೆಯ ಸಲ ನೋಡಲು ಬಿಡದವನನ್ನು ಏನೆಂದು ಕರೆಯಬೇಕು? ಆಮೇಲೆ ಪಾಲು ಬೇಡವೆಂದು ಬರೆಸಿ ಅವನು ಕಳಿಸಿದ ಕಾಗದಕ್ಕೆ ಶಶಿಕಲಾ ಒಂದು ಮಾತೂ ಆಡದೆ ಸಹಿ ಹಾಕಿ, ತಂದವನ ಕೈಗೇ ಕೊಟ್ಟಳು. ಅಮ್ಮನ ಸಮಾಧಿ ಇರುವ ಮೂಲೆ ಬಿಟ್ಟು ಮಾರುತ್ತಿದ್ದೇನೆ ಎಂದು ಅವನು ಅದೇ ಆಳಿನ ಬಾಯಲ್ಲಿ ಹೇಳಿ ಕಳಿಸಿದ್ದ. ಅಂದಿನಿಂದ ಆಕೆ ತವರಿಗೆ ಕಾಲಿಟ್ಟಿರಲಿಲ್ಲ.

ಈಗ ಅವನ ಮಗಳಿಗೆ ಮದುವೆ ಗೊತ್ತಾಗಿತ್ತು. ಅವರ ಮನೆತನದಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ಇರುವವಳು ಇವಳೊಬ್ಬಳೇ. ಮುನಿರಾಜು ಎರಡು ಸಲ ಹಿರಿಯರನ್ನು ಕಳಿಸಿದ. ಶಶಿಕಲಾ ಅವರಿಗೆ ಕಾಫಿ ಕೊಟ್ಟಳು, ಉತ್ತರ ಕೊಡಲಿಲ್ಲ. ಉತ್ತರವನ್ನು ಅವಳು ತಾನೇ ಹೋಗಿ ಕೊಡುವವಳಿದ್ದಳು.

ಸಕ್ಕರೆ ಕಾಯಿಲೆ ಬಂದಮೇಲೆ ಆಕೆ ಸೇರಿಕೊಂಡಿದ್ದ ವಾಕಿಂಗ್ ಗುಂಪು ಇದಕ್ಕೆ ಒದಗಿ ಬಂತು. ಕೆರೆಯ ನಾತ ಕುಡಿದು ನಡೆಯುವುದು ಸಾಕಾದಾಗಲೆಲ್ಲ ಆ ಹೆಂಗಸರು ಮಿನಿಬಸ್ ಮಾಡಿಕೊಂಡು ಯಾವುದಾದರೂ ಹಳ್ಳಿಗಾಡಿಗೆ ಹೋಗಿ ಇಡೀ ದಿನ ನಡೆದು ಬರುತ್ತಿದ್ದರು. ಗುಂಪಿನ ಯಜಮಾನಿಕೆ ಮಂಜುಶ್ರೀಯದು. ಸಾಫ್ಟ್‌ವೇರ್ ಆಫೀಸಿನ ಹುಡುಗಿ, ಒಳ್ಳೆಯವಳು, ಬೆರಣಿ ಕಂಡರೂ ಫೋಟೊ ತೆಗೆಯುವವಳು. ಈ ಸಲ ಎಲ್ಲಿಗೆ ಎಂಬ ಮಾತು ಬಂದಾಗ, ಅತ್ತಿಬೆಲೆಯ ಆಚೆ ನನಗೊಂದು ದಾರಿ ಗೊತ್ತು ಎಂದು ಶಶಿಕಲಾ ಹೇಳಿದಳು. ಅದು ತನ್ನ ತವರಿನ ದಾರಿ ಎಂದು ಮಾತ್ರ ಹೇಳಲಿಲ್ಲ.

ಪುಷ್ಯದ ಬೆಳಗು, ಹೊಲಗಳ ಬದುವಿನಲ್ಲೆಲ್ಲ ಅವರೆ ಸೊಗಡು. ಹೆಂಗಸರು ಟೋಪಿ ಹಾಕಿಕೊಂಡು ರಾಗಿ ಮೆದೆಗಳ ಪಕ್ಕ, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳ ಪಕ್ಕ, ಸೈಟಿನ ಕಲ್ಲು ನೆಟ್ಟ ಬೀಳುಗಳ ನಡುವೆ ನಡೆದರು. ಒಂದೂರಿನ ಅರಳಿಕಟ್ಟೆಯ ಮೇಲೆ ಕೂತು ಚಿತ್ರಾನ್ನ ತಿಂದರು. ಶಶಿಕಲಾ ತನ್ನದನ್ನು ಪಕ್ಕದವಳಿಗೆ ದಾಟಿಸಿದಳು. ಆಡಬೇಕಾದ ಮಾತುಗಳನ್ನು ಆಕೆ ಎಷ್ಟೋ ದಿನದಿಂದ ಮಿಷನ್ ತುಳಿಯುತ್ತ ತುಳಿಯುತ್ತ ಬಾಯಿಪಾಠ ಮಾಡಿಕೊಂಡಿದ್ದಳು. ಅವನಿಗೆ ಅಕ್ಕ ಇಲ್ಲ ಎಂಬುದು ಅವನ ಅಂಗಳದಲ್ಲೇ, ಹತ್ತು ಜನರ ಎದುರಿಗೇ ಅವನಿಗೆ ತಿಳಿಯಬೇಕಿತ್ತು. ಅದನ್ನು ನೆನೆದರೆ ಕಾಲಿಗೆ ಆಯಾಸವೇ ಆಗುತ್ತಿರಲಿಲ್ಲ.

ಹಾಲುಕುಂಟೆಯಲ್ಲಿ ಹಳೆಯ ಹೆಂಚಿನ ಮನೆಯ ಜಾಗದಲ್ಲಿ ಗ್ರಾನೈಟ್ ಹಾಕಿದ ಮೂರಂತಸ್ತು ಎದ್ದಿತ್ತು. ಅಕ್ಕನನ್ನು ಕಂಡ ಮುನಿರಾಜು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ. ಅವನ ಮುಖ ಅರಳಿತ್ತು.

“ಅಕ್ಕ, ಬಂದ್ಯಾ. ಕೊನೆಗೂ ಬಂದ್ಯಲ್ಲಕ್ಕ.”

ಶಶಿಕಲಾ ಕೈ ಮುಗಿದಳು. “ನಮಸ್ಕಾರ ಸಾರ್. ನಾವು ವರ್ತೂರಿನ ವಾಕಿಂಗ್ ಗುಂಪಿನೋರು. ಇವರಿಗೆಲ್ಲ ಕುಡಿಯೋಕೆ ಸ್ವಲ್ಪ ನೀರು ಸಿಗತ್ತಾ?”

ತಮಾಷೆ ಎಂದುಕೊಂಡು ಅವನು ನಕ್ಕ. ಅಕ್ಕನ ಮುಖ ನೋಡಿ ನಗು ಅಲ್ಲೇ ನಿಂತಿತು. ಅವನ ಹೆಂಡತಿ ಕುರ್ಚಿ ಹಾಕಿಸಿ, ಎಲ್ಲರಿಗೂ ಮಜ್ಜಿಗೆ ತಂದಳು. ಎಲ್ಲರೂ ಕುಡಿದರು. ಶಶಿಕಲಾ ಕೂರಲಿಲ್ಲ, ಲೋಟ ಮುಟ್ಟಲಿಲ್ಲ, ತನ್ನ ಬಾಟಲಿಯ ನೀರನ್ನೇ ಕುಡಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮನ ಕಿವಿ ಕೆಂಪಾಗುವುದನ್ನು ಕಂಡು ಶಶಿಕಲಾಳಿಗೆ ಹೊಟ್ಟೆ ತಣ್ಣಗಾಯಿತು. ಇಂಥ ಸುಖ ಆಕೆಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ.

“ನಿಮ್ಮ ತಾಯಿಯೋರ ಸಮಾಧಿ ಇಲ್ಲೇ ಹೊಲದಲ್ಲಿ ಇದೆಯಂತೆ ಸಾರ್. ನಮಗೂ ತೋರಿಸಿ, ಕೈ ಮುಗಿದು ಹೋಗ್ತೀವಿ.”

ಬಿಸಿಲು, ದೂರ, ಇನ್ನೊಂದು ದಿನ ಎಂದು ಮುನಿರಾಜು ತೊದಲಿದ. ಏನೂ ತಿಳಿಯದ ಮಂಜುಶ್ರೀ, ನಾವು ನಡೆಯೋಕೇ ಬಂದಿರೋದಲ್ವಾ ಸಾರ್ ಎಂದು ಎದ್ದು ನಿಂತಳು. ಅವನು ತಲೆ ತಗ್ಗಿಸಿ ಮುಂದೆ ಹೊರಟ. ಹಿಂದೆ ಗುಂಪು. ಊರಿನವರು ಬಾಗಿಲಿಗೆ ಬಂದು ನೋಡಿದರು. ನೋಡಲಿ ಎಂದೇ ಶಶಿಕಲಾ ನಿಧಾನಕ್ಕೆ ನಡೆದಳು. ಸಮಾಧಿಯ ಮುಂದೆ ಅವನನ್ನು ನಿಲ್ಲಿಸಿ, ಇವರನ್ನು ಮಣ್ಣು ಮಾಡುವಾಗ ಇವರ ಮಗಳು ಎಲ್ಲಿದ್ದಳು ಸಾರ್ ಎಂದು ಕೇಳುವುದೊಂದು ಬಾಕಿ ಇತ್ತು.

ಹೊಲ ಸಿಗಲಿಲ್ಲ. ಹಿಂದೆ ಹೊಲದ ಮೂಲೆಯಲ್ಲಿ ಹೊಂಗೆಮರವಿದ್ದ ಕಡೆ ಎತ್ತರದ ಕಾಂಪೌಂಡ್ ಗೋಡೆ, ಅದರಾಚೆ ಗೋಡೌನಿನ ನೀಲಿ ತಗಡು. ಮುನಿರಾಜು ಗೋಡೆಯ ಹತ್ತಿರ ನಿಂತುಬಿಟ್ಟ. ಎಲ್ಲಿ ಎಂದು ಮಂಜುಶ್ರೀ ಕೇಳಿದಳು. ಅವನು ಗೋಡೆ ತೋರಿಸಿದ.

“ಒಳಗೈತೆ. ಮೂಲೆ ಬಿಡ್ತೀವಿ ಅಂದಿದ್ರು, ಬಿಡ್ಲಿಲ್ಲ. ಮೇಲೆ ಲಾರಿ ನಿಲ್ಲಿಸ್ತಾರೆ.” ಆಮೇಲೆ ಅಕ್ಕನ ಕಡೆ ತಿರುಗಿದ. “ನನ್ನೂ ಒಳಕ್ಕೆ ಬಿಡಲ್ಲಕ್ಕ. ಅಬ್ಬದಾಗೆ ಎಡೆ ತಂದು ಇಲ್ಲೇ ಗೋಡೆ ಒರಗಡೇನೇ ಇಟ್ಟು ಓಗ್ತೀನಿ.”

ಗೋಡೆಯ ಬುಡದಲ್ಲಿ ಒಣಗಿದ ಬಾಳೆಲೆ, ತೆಂಗಿನ ಚಿಪ್ಪು, ಊದುಬತ್ತಿಯ ಕಡ್ಡಿಗಳು ಬಿದ್ದಿದ್ದವು. ಶಶಿಕಲಾ ಅವುಗಳನ್ನು ನೋಡುತ್ತ ನಿಂತಳು. ಬಾಯಿಪಾಠ ಮಾಡಿದ್ದ ಪ್ರಶ್ನೆ ಮರೆತೇ ಹೋಯಿತು. ಅಮ್ಮನ ಮುಖವಂತೂ ಸಿಗಲಿಲ್ಲ, ಮಣ್ಣಾದರೂ ಇದೆ ಎಂದುಕೊಂಡಿದ್ದಳು. ಎಲ್ಲರೆದುರು ಅಳು ಬಂತು, ನುಂಗಿಕೊಂಡಳು. ನುಂಗಿದ್ದು ಒಳಗೆ ಹೋಗಿ ಬೆಂಕಿಯಾಯಿತು.

ಮುನಿರಾಜು ಅವಳ ಎರಡು ಕೈಗಳನ್ನೂ ಹಿಡಿದುಕೊಂಡ. ಸುತ್ತ ಜನ ಇದ್ದಾರೆಂಬ ನಾಚಿಕೆ ಅವನಿಗೆ ಉಳಿದಿರಲಿಲ್ಲ. ನನಗೆ ಏನಾದರೂ ಅನ್ನು, ಹೊಡಿ ಬೇಕಾದರೆ, ಮಗುವಿಗೆ ಅರಿಶಿನ ಹಚ್ಚಲು ಮಾತ್ರ ಬಂದುಬಿಡು ಎಂದು ಅತ್ತ. ಅತ್ತೆ ಹಚ್ಚದೆ ನಾನು ಹಸೆಗೆ ಕೂರುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಾಳೆ ಎಂದ.

ಆ ಹುಡುಗಿಗೆ ಬಾಣಂತಿಮನೆಯಲ್ಲಿ ಮೊದಲ ನೀರು ಹಾಕಿದವಳು ಶಶಿಕಲಾ. ಆದರೂ ಕೈ ಬಿಡಿಸಿಕೊಂಡಳು.

“ಬರ್ತೀನಿ ಸಾರ್. ನಮ್ಮಮ್ಮನಿಗೆ ನೀವು ಎಡೆ ಇಟ್ಟ ಹಂಗೇ ನಿಮ್ಮ ಮಗಳಿಗೆ ನಾನೂ ಗೋಡೆ ಹೊರಗಡೆನೇ ಅರಿಶಿನ ಇಟ್ಟು ಹೋಗ್ತೀನಿ.”

ಮುನಿರಾಜು ಆ ಎಲೆ ಚಿಪ್ಪುಗಳ ಪಕ್ಕದಲ್ಲೇ ಕುಸಿದು ಕೂತ. ಮಂಜುಶ್ರೀ ಹತ್ತಿರ ಬಂದು ಶಶಿಕಲಾಳ ತೋಳು ಹಿಡಿದಳು. ಶಶಿಕಲಾ ಅವಳನ್ನು ದಾಟಿಕೊಂಡು ಬಸ್ಸಿನ ಕಡೆ ಹೊರಟಳು. ಮದುವೆಯ ದಿನ ಆ ಹುಡುಗಿ ಬಾಗಿಲು ನೋಡುತ್ತ ಕೂತಿರುತ್ತಾಳೆಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಕೆಗೆ ಮನಸ್ಸಾಗಲಿಲ್ಲ.